ಎಂಟು ತುಂಬಿದ ಮೇಲೆ

ಮೇ 2, ಸಂಜೆ
ಆರನೇ ಮಹಡಿಯ ಲಿಫ್ಟ್ ಬಾಗಿಲಿನದು ಇವತ್ತೂ ತಕರಾರು. ಮೂರು ಸಲ ಬಿಚ್ಚಿ ಜೋಡಿಸಿದೆ. ಹತ್ತುವಾಗ ಮೇಲಿನ ಮನೆ ಅಜ್ಜಿಯದು ಎಂದಿನ ಪ್ರಶ್ನೆ— "ಬೀಳಲ್ಲ ತಾನೆ ಲಿಫ್ಟು, ಮೆಕ್ಯಾನಿಕ್ಕಪ್ಪಾ?" "ಬೀಳಲ್ಲ ಅಜ್ಜಿ." ಹದಿನಾಲ್ಕು ವರ್ಷದಿಂದ ಹೇಳುತ್ತಿರುವ ಮಾತು. ಚೆಕ್ ಮಾಡದೆ ಒಂದು ಸಲವೂ ಹೇಳಿದವನಲ್ಲ.

ಅಲ್ಲಿಂದ ಹೆಂಡತಿಯ ಜೊತೆ ಆಸ್ಪತ್ರೆಗೆ. ಡಾಕ್ಟರು ಹಾಳೆಯ ಮೇಲೆ ಇವಳ ಹೃದಯ ಬರೆದು ತೋರಿಸಿದರು. ಒಂದು ಕವಾಟ ಪೂರಾ ಸವೆದಿದೆ. ಈ ತಿಂಗಳು ಮೂವತ್ತಕ್ಕೆ ಆಪರೇಷನ್. ಅಲ್ಲಿಯವರೆಗೆ ಓಡುವುದು, ಭಾರ ಎತ್ತುವುದು ಬೇಡ. "ಸರಿಹೋಗುತ್ತೆ ತಾನೆ ಸಾರ್?" ಎಂದೆ. "ನಮ್ಮ ಪ್ರಯತ್ನ ನಾವು ಮಾಡ್ತೀವಿ." ಹೂಂ ಅಂದಿದ್ದರೆ ಅವರ ಗಂಟೇನು ಹೋಗುತ್ತಿತ್ತೋ!

ಬಸ್ಸಿನಲ್ಲಿ ಮನೆಗೆ. ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ ಇವಳು— "ಈ ತಿಂಗಳು ರಜೆ ಹಾಕ್ರೀ. ಚಿನಕುರುಳೀನ ಎಲ್ಲಾ ಕಡೆ ಕರ್ಕೊಂಡು ಹೋಗೋಣ. ಅವಳಿಗೆ ಏನೂ ಹೇಳೋದು ಬೇಡ."

ಮಗಳಿಗೆ ಆ ಹೆಸರಿಟ್ಟವನು ನಾನೇ. ಐದು ವರ್ಷ. ಒಂದು ಕಡೆ ಕೂತಿದ್ದನ್ನು ಕಂಡವರಿಲ್ಲ.

ಮೇ 4
ಈಜುಕೊಳ. ಚಿಕ್ಕ ಕೊಳದಲ್ಲಿ ಸೊಂಟದಷ್ಟು ನೀರು. ಮಹಾರಾಣಿಗೆ ಅದು ಸಾಲದು. ದೊಡ್ಡ ಕೊಳದ ಕಡೆ ಬೆರಳು. "ಅಲ್ಲಿಗೆ ಯಾವಾಗ ಹೋಗೋದು ಅಪ್ಪಾ?" ತಲೆ ತಿಂದಳು. "ಎಂಟು ತುಂಬಲಿ, ಆಮೇಲೆ ಹೋಗುವೆಯಂತೆ" ಅಂದೆ. ಬೋರ್ಡಿನಲ್ಲೂ ಹಾಗೇ ಇತ್ತು.

ಇವಳು ದಡದಲ್ಲಿ ಕಾಲು ಇಳಿಬಿಟ್ಟು ಕೂತು ನಕ್ಕಳು. ಎಷ್ಟು ದಿನವಾಗಿತ್ತು ಆ ನಗು ನೋಡಿ.

ಮೇ 5
ಇವಳು ಮಕ್ಕಳ ಬಟ್ಟೆ ಕಾರ್ಖಾನೆಯಲ್ಲಿ ಕಟಿಂಗ್ ಮಾಡುವವಳು. ಯಾವ ವಯಸ್ಸಿಗೆ ಎದೆ ಎಷ್ಟು, ತೋಳು ಎಷ್ಟು— ನಿದ್ದೆಯಲ್ಲೂ ಹೇಳುತ್ತಾಳೆ. ಬೆಳಿಗ್ಗೆ ನೋಡಿದರೆ ಮಂಚದ ತುಂಬಾ ಬಟ್ಟೆ, ಸೀಮೆಸುಣ್ಣದ ಗೆರೆ. ಐದು ಫ್ರಾಕು. ಆರು, ಏಳು, ಎಂಟು, ಒಂಬತ್ತು, ಹತ್ತು ವರ್ಷಕ್ಕೆ ಒಂದೊಂದು.

"ಐದೂ ಹುಟ್ಟುಹಬ್ಬ ಈ ತಿಂಗಳೇ ಮಾಡಿಬಿಡೋಣ. ಹತ್ತರವರೆಗಾದ್ರೂ ಕಣ್ತುಂಬ ನೋಡ್ತೀನಿ. ಆಮೇಲೆ ಏನಾದ್ರೂ ಆಗ್ಲಿ."

ಬೇಡ ಅನ್ನಬೇಕಿತ್ತು. ಯಾವ ಬಾಯಲ್ಲಿ ಅನ್ನಲಿ? ಕತ್ತರಿ ಸಾಣೆ ಹಿಡಿಸಿಕೊಂಡು ಬಂದೆ.

ಮೇ 8
ಮಗಳಿಗೆ ಆರಾಯಿತು. ಕೇಕು, ಆರು ಮೇಣದ ಬತ್ತಿ, ಹಳದಿ ಫ್ರಾಕು. ನಿಜವಾದ ಹುಟ್ಟುಹಬ್ಬ ನವೆಂಬರಿನಲ್ಲಿ. ಚಿನಕುರುಳಿ ಏನೂ ಕೇಳಲಿಲ್ಲ. ಯಾವ ಮಗು ಕೇಳುತ್ತದೆ, ಕೇಕ್ ಎದುರಿಗಿಟ್ಟರೆ!

ಅಕ್ಕ ಬಂದಿದ್ದಳು. ಪಕ್ಕದ ಬೀದಿಯವಳು, ಶಾಲೆಯ ಟೀಚರು. ನನ್ನನ್ನು ಅಡುಗೆಮನೆಗೆ ಎಳೆದೊಯ್ದು— "ಮಕ್ಕಳಿಗೆ ಎಣಿಸೋದು ಕಲಿಸೋಳು ಕಣೋ ನಾನು. ಐದಾದ್ಮೇಲೆ ಆರು ಬರೋಕೆ ಒಂದು ವರ್ಷ ಬೇಕು. ಮಗು ಜೊತೆ ಇದೆಂಥಾ ಹುಡುಗಾಟ?"

"ನಿನ್ನ ತಮ್ಮನ ಹೆಂಡತಿಗೆ ನೀನೇ ಹೇಳು ಹೋಗು" ಅಂದೆ. ಅಕ್ಕ ಹೊರಗೆ ಹೋದಳು. ಇವಳು ಮಗಳ ಜಡೆ ಹಾಕುತ್ತಿದ್ದಳು. ಅಕ್ಕ ಸುಮ್ಮನೆ ಕೇಕ್ ತಿಂದು ಎದ್ದುಹೋದಳು.

ಮೇ 13
ಬೆಳಿಗ್ಗೆ ಮೃಗಾಲಯ. ಆನೆ ನೋಡಿ, ಐಸ್‌ಕ್ರೀಮ್ ತಿಂದು ವಾಪಸ್. ಇವಳಿಗೆ ಮೂರು ಕಡೆ ಕೂರಬೇಕಾಯಿತು. ಪ್ರತಿ ಸಲವೂ ಚಪ್ಪಲಿ ಸರಿಮಾಡಿಕೊಳ್ಳುವ ನೆಪ.

ಸಂಜೆ ಮಗಳಿಗೆ ಏಳು ವರ್ಷವೂ ಆಯಿತು. ನೀಲಿ ಫ್ರಾಕು, ತೋಳು ಮೊಣಕೈ ದಾಟಿದೆ. "ಅಪ್ಪಾ, ಹೋದ ವಾರ ಆರು, ಇವತ್ತು ಏಳು. ನಿನ್ನ ಯಾವಾಗ ದಾಟ್ತೀನಿ?" "ನನ್ನನ್ನ ದಾಟಿದ ದಿನ ನೀನೇ ಲಿಫ್ಟ್ ರಿಪೇರಿ ಮಾಡು, ನಾನು ಮನೇಲಿ ಮಲಗ್ತೀನಿ" ಅಂದೆ. ಮೂವರೂ ನಕ್ಕೆವು. ಇವಳು ನಗುತ್ತಲೇ ಎದೆ ಹಿಡಿದುಕೊಂಡಳು. ಮಗಳು ನೋಡಲಿಲ್ಲ. ನಾನು ನೋಡಿದೆ.

ಮೇ 18
ಎಂಟು. ಕೆಂಪು ಫ್ರಾಕು ಪಾದ ಮುಟ್ಟುತ್ತಿದೆ. ಎಡವುತ್ತಾ ಮನೆಯೆಲ್ಲ ಓಡಾಟ. ನಾಳೆ ಮತ್ತೆ ಈಜುಕೊಳಕ್ಕೆ ಹೋಗಬೇಕಂತೆ, ಒಂದೇ ಹಟ. ಆಗಲಿ ಎಂದೆ.

ಮೇ 19
ಬರೆಯಲು ಆಗುತ್ತಿಲ್ಲ.

ಮೇ 21, ಆಸ್ಪತ್ರೆ
ಬರೆದೇ ತೀರಬೇಕು. ಇಲ್ಲದಿದ್ದರೆ ತಲೆ ಸಿಡಿಯುತ್ತದೆ.

ಮೊನ್ನೆ ಟವೆಲ್ ತರಲು ಲಾಕರ್ ಕಡೆ ಹೋಗಿದ್ದೆ. ಎರಡು ನಿಮಿಷ. ಇವಳ ಕೂಗು ಕೇಳಿಸಿತು. ಓಡಿ ಬಂದು ನೋಡಿದರೆ ಚಿಕ್ಕ ಕೊಳದಲ್ಲಿ ಮಗಳಿಲ್ಲ, ದಡದಲ್ಲಿ ಇವಳಿಲ್ಲ. ದೊಡ್ಡ ಕೊಳದಲ್ಲಿ ಇಬ್ಬರೂ. ಇವಳು ಉಟ್ಟ ಬಟ್ಟೆಯಲ್ಲೇ ಹಾರಿದ್ದಳು. ಓಡಬಾರದು, ಭಾರ ಎತ್ತಬಾರದು ಎನ್ನಿಸಿಕೊಂಡವಳು ಓಡಿದ್ದಳು, ಹಾರಿದ್ದಳು, ಮಗಳನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದಿದ್ದಳು. ನಾನೂ ಕಾವಲಿನವನೂ ಸೇರಿ ಎಳೆದೆವು. ಮಗಳು ಕೆಮ್ಮಿ ನೀರು ಕಕ್ಕಿ ಹೋ ಎಂದು ಅತ್ತಳು. ಇವಳ ತುಟಿ ನೀಲಿಗಟ್ಟಿತ್ತು. ಉಸಿರು ಸಿಗುತ್ತಿರಲಿಲ್ಲ.

ಆಂಬುಲೆನ್ಸಿನಲ್ಲಿ ಚಿನಕುರುಳಿ ಬಿಕ್ಕುತ್ತಾ— "ನನಗೆ ಎಂಟು ತುಂಬಿತ್ತಲ್ಲಾ ಅಪ್ಪಾ... ನೀನೇ ಹೇಳಿದ್ದೆ..."

ಹೌದು. ನಾನೇ ಹೇಳಿದ್ದೆ. ಈ ಬಾಯಿಗೆ ಬೀಗ ಜಡಿಯಬೇಕು.

ಮೂವತ್ತರವರೆಗೆ ಕಾಯುವ ಹಾಗಿಲ್ಲವಂತೆ. ಇಪ್ಪತ್ತಮೂರಕ್ಕೇ ಆಪರೇಷನ್.

ಮೇ 22, ಮಧ್ಯಾಹ್ನ
ಊಟಕ್ಕೆ ಮನೆಗೆ ಬಂದೆ. ಅಕ್ಕ ಇಲ್ಲೇ ಇದ್ದಾಳೆ. 'ನಾನು ಅವತ್ತೇ ಹೇಳಿದ್ದೆ' ಎಂಬ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಚಿನಕುರುಳಿ ಮಂಚದ ಕೆಳಗೆ. ಎರಡು ದಿನದಿಂದ ಸರಿಯಾಗಿ ತಿಂದಿಲ್ಲ. ನಾನೂ ಕೆಳಗೆ ತೂರಿ ಪಕ್ಕ ಮಲಗಿದೆ.

"ಅಪ್ಪಾ, ನಾನು ಬೇಗಬೇಗ ದೊಡ್ಡವಳಾದೆ ಅಂತ ಅಮ್ಮನಿಗೆ ಹುಷಾರಿಲ್ದೆ ಹೋಯ್ತಾ?"

ಎಲ್ಲ ಹೇಳಿಬಿಟ್ಟೆ. ಅಮ್ಮನ ಹೃದಯ ಮೊದಲೇ ಕೆಟ್ಟಿತ್ತು. ಡಾಕ್ಟರು ರಿಪೇರಿ ಮಾಡುತ್ತಾರೆ. ನಮಗೆ ಭಯವಾಗಿತ್ತು. ಭಯಕ್ಕೆ ನಿನ್ನ ವಯಸ್ಸನ್ನು ಎಳೆದು ಉದ್ದ ಮಾಡಿದೆವು. ತಪ್ಪು ನಮ್ಮದು, ನಿನ್ನದಲ್ಲ.

ಬೆರಳು ಮಡಚಿ ಎಣಿಸಿದಳು. "ಹಾಗಾದ್ರೆ ನನಗೆಷ್ಟು ವರ್ಷ?"

"ಐದೇ ಕಣೆ."

"ಆರು?"

"ನವೆಂಬರಿನಲ್ಲಿ."

"ಸರಿ. ಅಮ್ಮ ಇದ್ರೆ ಮಾತ್ರ ಆರಾಗ್ತೀನಿ. ಇಲ್ಲಾಂದ್ರೆ ನಾನು ಆಗಲ್ಲ." ಹೊರಗೆ ಬಂದು ನಾಲ್ಕು ತುತ್ತು ತಿಂದಳು. ಆಮೇಲೆ ಮೂರೂ ಫ್ರಾಕುಗಳನ್ನು ಮುದ್ದೆ ಮಾಡಿ ಹೊಲಿಗೆ ಯಂತ್ರದ ಮೇಲಿಟ್ಟಳು. ಒಂಬತ್ತರದು, ಹತ್ತರದು ಅಲ್ಲೇ ಇದ್ದವು— ಗುಂಡಿ ಹಾಕಿಲ್ಲ.

ಮೇ 23, ಬೆಳಿಗ್ಗೆ 7
ಸ್ಟ್ರೆಚರ್ ಲಿಫ್ಟಿನಲ್ಲಿ. ಅಭ್ಯಾಸಬಲ— ಸದ್ದು ಕೇಳಿದೆ, ಬಾಗಿಲು ನೋಡಿದೆ. ಇವಳಿಗೆ ಆ ಸ್ಥಿತಿಯಲ್ಲೂ ನಗು. "ಇಲ್ಲೂ ಬಿಡಲ್ವಲ್ರೀ ನೀವು." ಆಮೇಲೆ ನನ್ನ ಬೆರಳು ಹಿಡಿದು— "ನಿಮ್ಮ ಲಿಫ್ಟಿನ ಅಜ್ಜಿಗೆ ಹೇಳ್ತೀರಲ್ಲ, ನನಗೂ ಒಂದ್ಸಲ ಹೇಳಿ."

"ಬೀಳಲ್ಲ."

"ಚೆಕ್ ಮಾಡಿದ್ದೀರಾ?"

ಅಷ್ಟರಲ್ಲಿ ಬಾಗಿಲು ತೆರೆಯಿತು. ನರ್ಸ್ ಒಳಗೆ ತಳ್ಳಿಕೊಂಡು ಹೋದಳು. ಮೊದಲ ಬಾರಿಗೆ ಚೆಕ್ ಮಾಡದೆ ಹೇಳಿದ್ದೇನೆ.

ಮೇ 23, ಮಧ್ಯಾಹ್ನ 3
ಏಳು ಗಂಟೆ ಹಿಡಿಯಿತು. ಹೊರಗೆ ತಂದಿದ್ದಾರೆ. ಎಚ್ಚರವಿಲ್ಲ. "ಎದ್ದ ಮೇಲೆ ನೋಡೋಣ" ಎಂದರು ಡಾಕ್ಟರು.

ಮೇ 24
ಎದ್ದಿಲ್ಲ.

ಮೇ 25, ಬೆಳಿಗ್ಗೆ 11
ಕಣ್ಣು ಬಿಟ್ಟಳಂತೆ! ನರ್ಸ್ ಓಡಿ ಬಂದು ಹೇಳಿದಳು. ಮಗುವನ್ನು ಒಳಗೆ ಬಿಡುವುದಿಲ್ಲ, ಗಾಜಿನಾಚೆಯಿಂದ ಬೇಕಾದರೆ ನೋಡಿ ಎಂದಳು. ಅಕ್ಕ ಚಿನಕುರುಳಿಯನ್ನು ಕರೆತಂದಳು. ಹಳೇ ಅಂಗಿ, ಅವಳ ಅಳತೆಯದೇ.

ಎತ್ತಿಕೊಂಡು ನಿಂತೆ. ಇವಳ ಬಾಯಲ್ಲಿ ಕೊಳವೆ, ಮಾತಾಡುವಂತಿಲ್ಲ. ಇವಳ ಕಣ್ಣು ಸುತ್ತಾಡಿ ಗಾಜಿನ ಮೇಲೆ ನಿಂತಿತು. ಗುರುತು ಸಿಕ್ಕಿತು. ನನಗೆ ಗೊತ್ತಾಯಿತು.

ಚಿನಕುರುಳಿ ಅಂಗೈ ಬಿಡಿಸಿ ಗಾಜಿಗೆ ಒತ್ತಿದಳು. ಐದು ಬೆರಳು. "ಐದೇ ಅಮ್ಮಾ! ನಾನು ಐದೇ!" ಕೂಗಿದಳು. ಒಳಗೆ ಕೇಳಿಸುವುದಿಲ್ಲ ಎಂದು ಯಾರೂ ಹೇಳಲಿಲ್ಲ.

ಇವಳಿಗೆ ಅರ್ಥವಾಯಿತು. ಕಣ್ಣಂಚಿನಿಂದ ನೀರು ಕಿವಿಯ ಕಡೆಗೆ ಇಳಿಯಿತು. ಬಲಗೈ ಹಾಸಿಗೆಯಿಂದ ಒಂದು ಗೇಣು ಮೇಲೆದ್ದಿತು. ಐದು ಬೆರಳು. ಸಾಕು, ಕೈ ಇಳಿಸು ಎಂದು ಸನ್ನೆ ಮಾಡಿದೆ. ಇಳಿಸಲಿಲ್ಲ. ಎಡಗೈಯನ್ನೂ ಎತ್ತುತ್ತಿದ್ದಾಳೆ, ಡ್ರಿಪ್ ಚುಚ್ಚಿರುವ ಕೈ— ನಿಧಾನಕ್ಕೆ— ಒಂದೇ ಬೆರಳು— ಆರು—