ಕೇಳದೆ ಎರೆದ ನೀರು

ಮಾರ್ಚ್ 28, 1938, ಸೋಮವಾರ. ಹುಬ್ಬಳ್ಳಿ

ಬೆಳಗಿನ ಪೂಜೆಗೆ ಚರ್ಚಿನಲ್ಲಿ ಒಂಬತ್ತು ಜನ. ಆಮೇಲೆ ಸೈಕಲ್ ಏರಿ ರೇಲ್ವೆ ವರ್ಕ್‌ಶಾಪಿನ ಕೆಲಸಗಾರರ ಚಾಳಿಗೆ. ಹಾಸಿಗೆ ಹಿಡಿದ ಇಬ್ಬರಿಗೆ ಕಮ್ಯುನಿಯನ್ ಪ್ರಸಾದ ಕೊಟ್ಟೆ. ಬರುವಾಗ ಏರಿನಲ್ಲಿ ಇಳಿದು ಸೈಕಲ್ ತಳ್ಳಬೇಕಾಯಿತು. ಅರವತ್ತೊಂದು ವಯಸ್ಸು...

ಟಪಾಲಿನಲ್ಲಿ ನಮ್ಮ ಸಭೆಯ ಸುಪೀರಿಯರ್ ಅವರ ಪತ್ರ. ಈಸ್ಟರ್ ಆದ ಮೇಲೆ ಮಂಗಳೂರಿಗೆ ಹೊರಡಬೇಕು. ವಿಶ್ರಾಂತಿಯಂತೆ. ಹುಟ್ಟಿದ ಊರು ನಿಜ, ಆದರೆ ಅಲ್ಲಿ ಈಗ ಯಾರಿದ್ದಾರೆ? ಇಪ್ಪತ್ತೆರಡು ವರ್ಷ ಇಲ್ಲಿ ಕಳೆದೆ. ಕನಸು ಕೂಡ ಈ ಕಡೆಯ ಕನ್ನಡದಲ್ಲೇ ಬೀಳುತ್ತದೆ. ಇರಲಿ. ಹೇಳಿದಲ್ಲಿಗೆ ಹೋಗುತ್ತೇನೆಂದು ಯೇಸುಸಭೆ ಸೇರಿದ ದಿನವೇ ಒಪ್ಪಿಕೊಂಡವನು.

ಮಾರ್ಚ್ 30

ಮುರಿಗೆವ್ವನ ಮನೆಯಿಂದ ಲಗ್ನಪತ್ರಿಕೆ. ಮಗಳು ಈರವ್ವನ ಮದುವೆ, ಏಪ್ರಿಲ್ 28ಕ್ಕೆ. ಗಂಡು ನವಲಗುಂದದ ಅರಳೆ ವ್ಯಾಪಾರಿಗಳ ಮನೆಯವನು. ಓದಿ ಕುರ್ಚಿಯಲ್ಲಿ ಹಾಗೇ ಕುಳಿತುಬಿಟ್ಟೆ.

ಇದುವರೆಗೆ ಎಲ್ಲೂ ಬರೆಯದ್ದನ್ನು ಬರೆಯುತ್ತೇನೆ.

1921. ಪ್ಲೇಗು. ಊರು ಖಾಲಿಯಾಗಿ ಗಬ್ಬೂರ ಕಡೆಯ ಹೊಲಗಳಲ್ಲಿ ಗುಡಿಸಲುಗಳು ಎದ್ದಿದ್ದವು. ನನಗೆ ಆಗ ಗಟ್ಟಿ ಮೈ. ನೀರು ಹೊತ್ತೆ, ರೋಗಿಗಳ ಬಟ್ಟೆ ಸುಟ್ಟೆ, ಹೆಣಕ್ಕೆ ಹೆಗಲು ಕೊಟ್ಟೆ. ಆ ದಿನಗಳನ್ನು ನೆನೆದರೆ—ದೇವರು ಕ್ಷಮಿಸಲಿ—ಎದೆ ತುಂಬಿ ಬರುತ್ತದೆ. ಟಾಂಗಾ ಹೊಡೆಯುವ ಅಬ್ದುಲಮಜೀದ, ಮುರಿಗೆವ್ವನ ಗಂಡ ಗುರುಸಿದ್ದಯ್ಯ, ನಾನು. ಮೂವರೂ ಒಂದೇ ಬೇವಿನ ನೆರಳಲ್ಲಿ ಕುಳಿತು ಅಂಬಲಿ ಕುಡಿಯುತ್ತಿದ್ದೆವು. ನನ್ನ ಮಂಗಳೂರು ಮಾತು ಕೇಳಿ ಗುರುಸಿದ್ದಯ್ಯ ಬಿದ್ದು ಬಿದ್ದು ನಗುತ್ತಿದ್ದ. ಅಂಥ ಸ್ನೇಹ ಮತ್ತೆ ಸಿಗಲಿಲ್ಲ. ಕೊನೆಗೆ ಅವನಿಗೇ ತಗುಲಿತು. ಮೂರು ದಿನಕ್ಕೆ ಹೋದ.

ಮರುದಿನ ಅವನ ಮೂರು ತಿಂಗಳ ಕೂಸು ಈರವ್ವನಿಗೂ ಜ್ವರ. ಮಧ್ಯಾಹ್ನ ಮೇಲುಸಿರು ಶುರುವಾಯಿತು. ಮುರಿಗೆವ್ವ ಮುಖಕ್ಕೆ ಸೆರಗು ಎಳೆದುಕೊಂಡು ಮಲಗಿದ್ದಳು. ನಿದ್ದೆ ಎಂದುಕೊಂಡೆ. ಕೂಸಿನ ಕೊರಳಿನ ಲಿಂಗದ ದಾರ ಸರಿಸಿ, ಹಣೆಗೆ ಮೂರು ಸಲ ನೀರೆರೆದು, ಜ್ಞಾನಸ್ನಾನ ಕೊಟ್ಟೆ. ಸಾಯುವ ಕೂಸಿಗೆ ಸ್ವರ್ಗ ತಪ್ಪಬಾರದೆಂದು.

ಕೂಸು ಸಾಯಲಿಲ್ಲ.

ಏಪ್ರಿಲ್ 6

ಆ ನೀರು ಬಿದ್ದ ಮೇಲೆ ಚರ್ಚಿನ ಕಾನೂನಿನಂತೆ ಈರವ್ವ ಕ್ರೈಸ್ತಳು. ರಿಜಿಸ್ಟರಿನಲ್ಲಿ ದಾಖಲಿಸಬೇಕಿತ್ತು. ದಾಖಲಿಸಿದ್ದರೆ ನಾಳೆ ಚರ್ಚಿನವರು ಯಾರಾದರೂ ಹಕ್ಕು ಹೇಳಿಕೊಂಡು ಆ ವಿಧವೆಯ ಬಾಗಿಲಿಗೆ ಹೋಗುತ್ತಾರೆಂಬ ಭಯ. ಬರೆಯಲಿಲ್ಲ. ತಾಯಿಗೂ ಹೇಳಲಿಲ್ಲ. ಎರಡು ಕಡೆಯೂ ಕಳ್ಳ. ಆ ಹುಡುಗಿಗೆ ಅಕ್ಷರ ತಿದ್ದಿಸಿದೆ, ಆ ಮನೆಯ ರೊಟ್ಟಿ ತಿಂದೆ—ಹದಿನೇಳು ವರ್ಷ.

ಹೇಳಿದರೆ ಮದುವೆ ಮುರಿಯಬಹುದು. ಹೇಳದೆ ಹೋದರೆ... ಇನ್ನು ಈ ಕಡೆ ಬರುವವನಲ್ಲ ನಾನು.

ಏಪ್ರಿಲ್ 19

ಈಸ್ಟರ್ ಮುಗಿಯಿತು. ಇಂದು ಹೋದೆ.

ಈರವ್ವ ಚಿಕ್ಕಪ್ಪನ ಮನೆಗೆ ಹೋಗಿದ್ದಳು. ಮುರಿಗೆವ್ವ ಅಂಗಳದಲ್ಲಿ ಶ್ಯಾವಿಗೆ ಒಣಹಾಕುತ್ತಿದ್ದಳು. ನಿಂತುಕೊಂಡೇ ಎಲ್ಲ ಹೇಳಿದೆ. ಅವಳ ಕೈ ನಿಲ್ಲಲಿಲ್ಲ. ಕೊನೆಗೆ ತಲೆ ಎತ್ತದೆ ಹೇಳಿದಳು:

"ನಾ ಎಚ್ಚರ ಇದ್ದೆರಿ. ಎಲ್ಲಾ ನೋಡೀನಿ."

ಆಗಲೇ ಏಕೆ ತಡೆಯಲಿಲ್ಲ ಎಂದು ಕೇಳಿದೆ.

"ಕೂಸು ಹೊಂಟಿತ್ತರಿ. ಯಾವ ದೇವರ ಕಡಿಂದಾದರೂ ಉಳೀಲಿ ಅಂತ ಸುಮ್ಮನ ಬಿದ್ದಿದ್ದೆ. ನಾವೂ ಹುಟ್ಟಿದ ಕೂಸಿಗೆ ಲಿಂಗಾ ಕಟ್ಟತೇವಿ. ಕೂಸನ್ನ ಕೇಳಿ ಕಟ್ಟತೇವೇನು? ಅದಕ್ಕ ಸಿಟ್ಟಿಲ್ಲ ನನಗ." ಶ್ಯಾವಿಗೆಯ ಎಳೆ ಬಿಡಿಸಿ ಹರವಿದಳು. "ಆದರ ತಾಯಿ ನಾ ಅಲ್ಲೇ ಇದ್ದೆನಲ್ಲರಿ. ಒಂದ ಮಾತು ಕೇಳಬೇಕಿತ್ತು. ಇವತ್ತ ಹೇಳ್ತಾರ, ನಾಳಿ ಹೇಳ್ತಾರ ಅಂತ ಹದಿನೇಳ ವರ್ಷ ದಾರಿ ನೋಡಿದೆ."

ಕ್ಷಮೆ ಕೇಳಿದೆ. ಎಲ್ಲಾದರೂ ಬರೆದಿಟ್ಟಿದ್ದೀರಾ ಎಂದಳು. ನನ್ನ ದಿನಚರಿಯಲ್ಲಿ ಮಾತ್ರ ಎಂದೆ. ಅದು ನಿಮ್ಮ ಹತ್ತಿರವೇ ಇರಲಿ, ಮಗಳಿಗೆ ಹೇಳುವುದು ನನ್ನ ಕೆಲಸ, ನೀವು ಹೇಳಬೇಡಿ ಎಂದಳು.

ಮೊದಲ ಸಲ ಆ ಮನೆಯಿಂದ ಏನೂ ತಿನ್ನದೆ ಬಂದೆ.

ಏಪ್ರಿಲ್ 25, ಸೋಮವಾರ. ಸ್ಟೇಷನ್ನಿನಲ್ಲಿ

ಗಾಡಿ ತಡ. ಬೆಂಚಿನ ಮೇಲೆ ಕುಳಿತು ಬರೆಯುತ್ತಿದ್ದೇನೆ. ಅಬ್ದುಲಮಜೀದ ಟಾಂಗಾದ ಬಾಡಿಗೆ ಮುಟ್ಟಲಿಲ್ಲ; ಮುಖ ಆಚೆ ತಿರುಗಿಸಿಕೊಂಡು ಹೋದ.

ತಾಯಿ ಮಗಳು ಬರುತ್ತಾರೆಂದು ಎಣಿಸಿರಲಿಲ್ಲ. ಬಂದರು. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿದ ಗಂಟನ್ನು ಮುರಿಗೆವ್ವ ಬೆಂಚಿನ ಮೇಲಿಟ್ಟಳು. ಲಗ್ನಕ್ಕೆ ಮೂರು ದಿನ ಇರುವಾಗ ಹೊರಟಿದ್ದೀರಿ ಎಂದು ಈರವ್ವ ಮುನಿಸಿಕೊಂಡಳು. ಅವಳಿಗೆ ಏನೂ ಗೊತ್ತಿಲ್ಲ. ಆಶೀರ್ವಾದ ಮಾಡಿರೆಂದು ಬಾಗಿದಳು. ಶಿಲುಬೆಯ ಗುರುತಿಗೆ ಕೈ ತಾನೇ ಎದ್ದಿತು. ಅಲ್ಲೇ ತಡೆದೆ. ತಾಯಿಯ ಕಡೆ ತಿರುಗಿದೆ.

"ಮಾಡ್ಲೇನವಾ?"

ಮುರಿಗೆವ್ವ ನನ್ನನ್ನೇ ನೋಡುತ್ತ ನಿಂತಳು.

"ಮಾಡ್ರಿ," ಎಂದಳು.

ಈರವ್ವನ ಹಣೆಯ ತುಂಬ ವಿಭೂತಿ. ಅದು ಅಳಿಸದ ಹಾಗೆ, ಕೂದಲಿನ ಅಂಚಿನಲ್ಲಿ, ಹೆಬ್ಬೆರಳಿನಿಂದ ಸಣ್ಣ ಶಿಲುಬೆ ಎಳೆದೆ.