ಬಾಗಿಲ ಚೌಕಟ್ಟಿನ ಹೊಸ ಗೆರೆ

ರೀ,

ಡ್ಯೂಟಿಗೆ ಹೊರಟೆ. ಬಾಗಿಲ ಚೌಕಟ್ಟು ನೋಡಿ ಎಷ್ಟು ಬೇಕಾದರೂ ಕೂಗಾಡಿ, ಕೇಳಿಸಿಕೊಳ್ಳೋಕೆ ನಾನಿರುವುದಿಲ್ಲ.

ಕೆಳಗಿನ ಮನೆಯ ನರ್ಸಮ್ಮ ಸಾಕಲು ಕರೆತಂದಿರುವ ಪುಟ್ಟಿಯ ಎತ್ತರವನ್ನು ಅಲ್ಲಿ ಪೆನ್ಸಿಲ್‌ನಲ್ಲಿ ಗುರುತು ಹಾಕಿದ್ದೆ. ನೀವು ಉಪ್ಪುಕಾಗದದಲ್ಲಿ ಉಜ್ಜಿ ಅಳಿಸಿದಿರಿ. “ಅವರಮ್ಮ ಹುಷಾರಾದ್ರೆ ಹೊರಟುಹೋಗೋ ಮಗು, ಅದರ ಗೆರೆ ನಮಗ್ಯಾಕೆ?” ಅಂದಿರಿ. ಮಹಡಿ ಮೇಲಿದ್ದ ಮೇಷ್ಟ್ರ ಮಕ್ಕಳೂ ಮನೆ ಖಾಲಿ ಮಾಡಿ ಹೋದರಲ್ಲ, ಅವರ ಗೆರೆಗಳ ತಂಟೆಗೆ ನೀವು ಹೋಗಲಿಲ್ಲ. ಈ ಕಟ್ಟಡದ ಮಕ್ಕಳೆಲ್ಲರ ಗೆರೆಯೂ ಅಲ್ಲಿದೆ. ಇವಳದೂ ಇರುತ್ತದೆ.

ನಿನ್ನೆ ತನ್ನ ಗೆರೆ ಕಾಣದೆ ಅವಳು ಹಾಲೂ ಕುಡಿಯದೆ ಮೆಟ್ಟಿಲಿಳಿದು ಹೋದಳು. ಅದಕ್ಕೇ ಈ ಸಲ ನಿಮ್ಮ ಉಳಿಯಿಂದಲೇ ಕೆತ್ತಿದ್ದೇನೆ. ಬಡಗಿಯ ಹೆಂಡತಿಗೆ ಅಷ್ಟೂ ಬರದಿದ್ದರೆ ಹೇಗೆ? ಸ್ವಲ್ಪ ಸೊಟ್ಟಗಾಗಿದೆ, ಇರಲಿ.

ನರ್ಸಮ್ಮ ಆಸ್ಪತ್ರೆಯಿಂದ ಬರುವುದು ಇವತ್ತು ತಡ. ಶಾಲೆಯಿಂದ ಪುಟ್ಟಿಯನ್ನು ನೀವೇ ಕರೆತನ್ನಿ. ಹಾಲು ಬಿಸಿ ಮಾಡಿ, ಕೆನೆ ತೆಗೆದು ಕೊಡಿ. ಭಾಗಾಕಾರ ಹೇಳಿಕೊಡಿ, ಆದರೆ ಗದರಬೇಡಿ. ಅಮ್ಮನ ವಿಷಯ ಅವಳಾಗಿ ಹೇಳಿದರೆ ಕೇಳಿ, ನೀವಾಗಿ ಕೆದಕಬೇಡಿ.

ಒಳಗೆ ಬಂದ ಕೂಡಲೇ ಅವಳು ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತು, “ಬೆಳೆದ್ನಾ?” ಅಂತ ಕೇಳುತ್ತಾಳೆ. ದಿನಾ ಕೇಳುತ್ತಾಳೆ.

ನಿಮ್ಮ ಉಪ್ಪುಕಾಗದವನ್ನು ಅಲ್ಲೇ ಸ್ಟೂಲಿನ ಮೇಲಿಟ್ಟಿದ್ದೇನೆ. ಅಳಿಸಲೇಬೇಕು ಅನ್ನಿಸಿದರೆ ಅವಳ ಕಣ್ಣೆದುರಿಗೇ ಅಳಿಸಿ.