ಟ್ಯಾಕ್ಸಿ ಆಫೀಸಿನ ಪುಟ್ಟಿ

ಮಾರ್ಚ್ 4, ಬೆಳಿಗ್ಗೆ
ನನ್ನ ಗಾಲಿಕುರ್ಚಿಯನ್ನು ಮೇಜಿನಡಿ ತೂರಿಸಿ, ಹೆಡ್‌ಸೆಟ್ ಹಾಕಿ, ಅಮ್ಮ ಹೊರಟಳು. ಮೊದಲ ಫೋನೇ “ಮೇಡಂ, ಸ್ಟೇಷನ್‌ಗೆ ಒಂದು ಗಾಡಿ.” ಆಯ್ತು ಸರ್, ಅಂದೆ. ಇಪ್ಪತ್ತಮೂರು ವರ್ಷದ ಗಂಡಸು ನಾನು! ಮೀಸೆ ಇಲ್ಲ, ಗಂಟಲು ಒಡೆದಿಲ್ಲ. ಸ್ನಾಯು ಕರಗೋ ಕಾಯಿಲೆ ಹುಟ್ಟಿನಿಂದ ಬಂತು. ಅದನ್ನು ತಡೆಯೋಕೆ ಚಿಕ್ಕಂದಿನಿಂದ ನುಂಗಿದ ಸ್ಟೆರಾಯ್ಡ್ ಮುಖ ಊದಿಸಿತು, ಮೂಳೆ ಸವೆಸಿತು, ದೊಡ್ಡವನಾಗೋದನ್ನೂ ತಡೆದುಬಿಟ್ಟಿತು.
ಸಂಜೆ ಹಾರ್ಮೋನ್ ಡಾಕ್ಟರ್ ಹತ್ತಿರ ಹೋಗಬೇಕು.

ಮಾರ್ಚ್ 5, ಮಂಗಳವಾರ
ನಿನ್ನೆ ಸಂಜೆಯಿಂದ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಶುರು. ತಿಂಗಳಿಗೊಂದು. ಮೂಳೆಗೂ ಒಳ್ಳೇದಂತೆ. ಸಕ್ಕರೆ ಬಾರ್ಡರ್‌ನಲ್ಲಿದೆ, ಬಿಸ್ಕತ್ತು ಬಂದ್. “ಧ್ವನಿ ಒಡೆಯುತ್ತಾ ಡಾಕ್ಟ್ರೇ?” ಕೇಳಿದ್ದು ಅಮ್ಮ. ಒಡೆಯುತ್ತೆ ಅಂದರು. ಕಣ್ಣೊರೆಸಿಕೊಂಡಳು. ಅವಳ ತಮ್ಮನಿಗೂ ಇದೇ ಕಾಯಿಲೆ. ಗಂಟಲು ಒಡೆಯೋ ವಯಸ್ಸಿಗೇ ಹೋದ.
ಇವತ್ತು ಅಜ್ಜಿ ಫೋನ್. ಸ್ವಂತ ಅಜ್ಜಿಯಲ್ಲ, ಗಿರಾಕಿ. ಮುಖ ನೋಡಿಲ್ಲ. ಮಂಗಳವಾರ ಬಂದರೆ ತಂಗಿ ಮನೆಗೆ ಜಗಳಕ್ಕೆ ಹೋಗೋಕೆ ಗಾಡಿ ಬೇಕು. ಯಾಕೆ ಜಗಳ ಅಂತ ನನಗೊಬ್ಬನಿಗೇ ಹೇಳಿದ್ದಾಳೆ. “ಪುಟ್ಟೀ, ತಿಂಡಿ ತಿಂದ್ಯಾ?” ಎರಡು ವರ್ಷದಿಂದ ಹೀಗೇ. ಬೇರೆಯವರು ಮೇಡಂ ಅಂದರೆ ಮೈ ಉರಿಯುತ್ತೆ. ಅಜ್ಜಿ ಪುಟ್ಟಿ ಅಂದರೆ... ಇಷ್ಟ. ತುಂಬಾ ಇಷ್ಟ. ಇದನ್ನು ಯಾರು ತಾನೇ ಓದ್ತಾರೆ.

ಜುಲೈ 9
ಮೇಲ್ದುಟಿ ಮೇಲೆ ಏನೋ ಕಪ್ಪು. ಕಾಫಿ ಕಲೆ ಅಂತ ಅಮ್ಮ ಒದ್ದೆ ಬಟ್ಟೆಯಲ್ಲಿ ಉಜ್ಜಿದಳು. ಹೋಗಲಿಲ್ಲ! ಇಬ್ಬರೂ ನಕ್ಕಿದ್ದೇ ನಕ್ಕಿದ್ದು.
ಗಂಟಲಂತೂ ಒಂದು ಮಾತಿಗೆ ನನ್ನದು, ಇನ್ನೊಂದಕ್ಕೆ ಅಪ್ಪನದು. ಮೂರು ಜನ ‘ಸರ್’ ಅಂದರು. ಹಿಗ್ಗಿ ಹೀರೇಕಾಯಿಯಾದೆ. ಅಜ್ಜಿಗೆ ಮಾತ್ರ ಸಣ್ಣ ದನಿ ಮಾಡಿ ಮಾತಾಡಿದೆ. ಕೆಮ್ಮು ಬಂತು. “ನೆಗಡಿಯೇನೇ ಪುಟ್ಟೀ?” ಹೂಂ ಅಂದೆ.

ಆಗಸ್ಟ್ 13
ಸಣ್ಣ ದನಿ ಮುಗೀತು. ಎಳೆದರೂ ಬರಲ್ಲ. ಅಜ್ಜಿ ಅಂದಳು, “ಪುಟ್ಟಿಗೆ ಕೊಡಪ್ಪಾ.” ಅವಳ ಗಂಟಲು ಹೆಡ್‌ಸೆಟ್ ದಾಟಿ ಕೇಳುತ್ತೆ. ಪಕ್ಕದಲ್ಲಿದ್ದ ಡ್ರೈವರಣ್ಣ ನನ್ನ ಮೈಕ್ ಕಡೆ ಬಾಗಿ, “ಅವಳಿಗೆ ಮದ್ವೆ ಆಗೋಯ್ತಲ್ಲಜ್ಜಿ!” ಅಂದುಬಿಟ್ಟ. ಆ ಕಡೆಯಿಂದ ಅಜ್ಜಿ, “ನಂಗೊಂದು ಮಾತು ಹೇಳ್ಲಿಲ್ವಲ್ಲಾ...” ಗಾಡಿಯನ್ನೂ ಕೇಳದೆ ಫೋನ್ ಇಟ್ಟಳು.
“ಹೆಂಗೆ ಬಚಾವ್ ಮಾಡ್ದೆ ನೋಡು” ಅಂತಾನೆ ಡ್ರೈವರಣ್ಣ. ಕೈ ಏಳುತ್ತಿದ್ದರೆ ತಲೆಗೊಂದು ಕೊಡ್ತಿದ್ದೆ.

ಆಗಸ್ಟ್ 20
ಮಂಗಳವಾರ. ಅಜ್ಜಿ ಫೋನ್ ಇಲ್ಲ. ಗಂಡಸಿನ ದನಿ ಬಂದು ನನಗೇನು ಸಿಕ್ಕ ಹಾಗಾಯ್ತು...

ಆಗಸ್ಟ್ 27
ಅಜ್ಜಿ ಬಂದಿದ್ದಳು. ಖುದ್ದಾಗಿ, ನಡೆದುಕೊಂಡು. ಗಂಟಲು ಕೇಳಿದ ಕೂಡಲೇ ಗೊತ್ತಾಯ್ತು. ಕೈಯಲ್ಲಿ ಮದುಮಗಳಿಗೆ ಅಂತ ತಾನೇ ಹೆಣೆದ ಶಾಲು, ಗುಲಾಬಿ ಬಣ್ಣ. “ಪುಟ್ಟಿ ಅಡ್ರೆಸ್ ಕೊಡ್ರಪ್ಪಾ.” ಡ್ರೈವರಣ್ಣ ಮೆಲ್ಲಗೆ ಜಾಗ ಖಾಲಿ ಮಾಡಿದ.
ನಾನೇ ಅಜ್ಜಿ, ಅಂದೆ. ಕಾಯಿಲೆ, ಮಾತ್ರೆ, ಇಂಜೆಕ್ಷನ್ ಎಲ್ಲ ಹೇಳಿದೆ. ನಂಬಲಿಲ್ಲ.
“ಹಂಗಾದ್ರೆ ನನ್ನ ತಂಗಿ ಏನು ಎತ್ಕೊಂಡು ಹೋದ್ಲು, ಹೇಳು?”
“ನಿಮ್ಮ ದಪ್ಪ ತಳದ ಬಾಣಲೆ. ಕೇಳಿದ್ರೆ ತನ್ನದೇ ಅಂತಾರೆ.”
ಅಜ್ಜಿ ಕುರ್ಚಿ ಎಳೆದು ಕೂತುಬಿಟ್ಟಳು. “ಎರಡು ವರ್ಷದಲ್ಲಿ ಒಂದ್ಸಲನಾದ್ರೂ ಬಾಯಿಬಿಡಬಾರ್ದಿತ್ತೇನೋ?”
“ಬಿಟ್ಟಿದ್ರೆ ನೀವು ಪುಟ್ಟಿ ಅನ್ನೋದು ನಿಲ್ಲಿಸ್ತಿದ್ರಿ.”
ಅಜ್ಜಿ ಶಾಲು ಬಿಡಿಸಿ ಹೆಗಲಿಗೆ ಹೊದಿಸಿದಳು. ನನ್ನ ಕೈ ಏಳಲ್ಲ ಅಂತ ಕಂಡು ತಾನೇ ಕತ್ತಿನ ಹತ್ತಿರ ಸರಿಮಾಡಿ, ಮೀಸೆ ನೋಡಿ ನಕ್ಕಳು. ಹೋಗುವಾಗ ಹೆಸರು ಹಿಡಿದೂ ಕರೆಯಲಿಲ್ಲ, ಪುಟ್ಟಿ ಅಂತಲೂ ಅನ್ನಲಿಲ್ಲ. “ಬರ್ತೀನಪ್ಪಾ” ಅಂದಳು.

ಸೆಪ್ಟೆಂಬರ್ 3
ಮಂಗಳವಾರ. ಸೆಖೆ ಆದರೂ ಶಾಲು ಹೊದ್ದೇ ಕೂತಿದ್ದೀನಿ. ಡ್ರೈವರುಗಳೆಲ್ಲ ಬಂದು ನೋಡಿ ನಕ್ಕು ಹೋಗ್ತಾರೆ. ನಗಲಿ. ಬೆಳಿಗ್ಗೆಯಿಂದ ಒಂದೇ ಯೋಚನೆ. ಫೋನ್ ಮಾಡ್ತಾಳಾ? ಮಾಡಿದರೆ ಏನಂತ...
ಬಂತು. ಅವಳ ನಂಬರೇ. ಹಲೋ ಅಂದೆ, ನನ್ನ ಪೂರ್ತಿ ದಪ್ಪ ದನಿಯಲ್ಲಿ.
“ಪುಟ್ಟೀ, ಬೇಗ ಒಂದು ಗಾಡಿ ಕಳ್ಸು, ಇವತ್ತು ಆ ಬಾಣಲೆ—”